ಅಪ್ಪ ಬಣ್ಣ ಒರೆಸದ ಮೂರು ದಿನ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಮೂಗಿನ ತುದಿಯಲ್ಲೇ. ಬ್ಲೌಸ್ ಹೊಲಿಯಲು ಕೊಟ್ಟವರು ದಿನಕ್ಕೆರಡು ಸಲ ಬಂದು "ಆಯ್ತಾ" ಅಂದರೆ ಬಟ್ಟೆಯನ್ನು ಹಾಗೇ ಮಡಿಸಿ ಕೈಗಿಟ್ಟು ಕಳಿಸಿದವಳು ನಾನು. ಅದೇ ಕೋಪದಲ್ಲಿ ಒಂದು ಭಾನುವಾರ ನಾನೊಂದು ಕೋಟೆ ಬೀಳಿಸಿದೆ. ನಮ್ಮ ಮಧುಗಿರಿಯ ಕೋಟೆಯಲ್ಲ, ಅದು ಯಾರಪ್ಪನಿಂದಲೂ ಬೀಳುವುದಿಲ್ಲ. ಮೊಬೈಲಿನೊಳಗಿನ ಕೋಟೆ. ಅದು ಬಿದ್ದ ಮೇಲೆ ನನ್ನಪ್ಪ ಮೂರು ದಿನ ಅನ್ನ ಮುಟ್ಟಲಿಲ್ಲ.

ಅಪ್ಪ ನಾಟಕದ ಮೇಷ್ಟ್ರು. ಐ.ಡಿ.ಹಳ್ಳಿ ಕಡೆಯವರು. ಹಾರ್ಮೋನಿಯಂ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಸಿರಾ, ಕೊರಟಗೆರೆ, ಪಾವಗಡ ಅಂತ ಸುತ್ತಿ, ಊರೂರಿನಲ್ಲಿ ಮೂರು ಮೂರು ತಿಂಗಳು ಕೂತು, ಹೊಲ ಉಳುವವರ ಬಾಯಲ್ಲಿ ರಾಜರ ಮಾತು ಆಡಿಸಿದವರು. ತಾವೇ ಒಂದು ಪಾಳೇಗಾರನ ನಾಟಕ ಬರೆದಿದ್ದರು. ಅದರಲ್ಲಿ ಪಾಳೇಗಾರನ ರಾಜಪಾರ್ಟು ತಮಗೇ. ಕೊನೆಯಲ್ಲಿ ಕೋಟೆ ಬೀಳುತ್ತದೆ, ಪಾಳೇಗಾರ ಸಾಯುತ್ತಾನೆ, ಆದರೆ ಸಾಯುವ ಮುಂಚೆ ಒಂದು ಮಾತು ಆಡುತ್ತಾನೆ. ಆ ಮಾತಿಗೆ ಗಂಡಸರೂ ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಅಪ್ಪನಿಗೆ ಎರಡು ಕಟ್ಟುಪಾಡು. ಒಂದು, ಮುಖಕ್ಕೆ ಬಣ್ಣ ಹಚ್ಚಿದ ಮೇಲೆ ಕೊನೆಯ ಮಂಗಳದ ಹಾಡು ಆಗುವವರೆಗೆ ಬಣ್ಣ ಒರೆಸಬಾರದು, ಎಲೆ ಮುಂದೆ ಕೂರಬಾರದು. ನಾನು ಹತ್ತು ವರ್ಷದವಳಿದ್ದಾಗ ಒಮ್ಮೆ ಮಳೆ ಬಂದು ನಾಟಕ ಅರ್ಧಕ್ಕೆ ನಿಂತಿತು. ಜನ ಗೋಣಿಚೀಲ ತಲೆಗೆ ಹಾಕಿಕೊಂಡು ಓಡಿದರು. ಅಪ್ಪ ಮಾರನೆಯ ದಿನ ಬೆಳಿಗ್ಗೆ ಹರಿದ ಪರದೆ, ಕೆಸರು ನೆಲ, ಎದುರಿಗೆ ಎರಡು ನಾಯಿ ಮತ್ತು ನಾನು, ಅಷ್ಟೇ ಪ್ರೇಕ್ಷಕರ ಮುಂದೆ ಉಳಿದ ದೃಶ್ಯ ಆಡಿ, ಮಂಗಳ ಹಾಡಿ, ಆಮೇಲೆ ಮುಖ ತೊಳೆದು ಮುದ್ದೆ ಉಂಡರು.

ಎರಡನೆಯದು, ತಾವು ಪಾರ್ಟು ಕೊಟ್ಟವರ ತಪ್ಪನ್ನು ಮಾತ್ರ ತಿದ್ದುವುದು. ಬೇರೆಯವರು ಎದುರಿಗೇ ಅಪಸ್ವರ ಹಾಡಿದರೂ ಮುಖ ಆಚೆ ತಿರುಗಿಸಿಬಿಡುತ್ತಿದ್ದರು. "ನನ್ ಪಾರ್ಟು ತಗೊಂಡಿಲ್ಲ, ನಾನ್ಯಾಕೆ ತಿದ್ಲಿ" ಅನ್ನುವುದು ಅವರ ಮಾತು.

ಪಾಳೇಗಾರನ ಆ ಕೊನೆಯ ಮಾತು ನನಗೆ ಆಗಲೇ ಬಾಯಿಪಾಠ. ಒಂದು ದಿನ ಅಡುಗೆಮನೆಯಲ್ಲಿ ಸೌಟು ಹಿಡಿದು ಅದನ್ನು ಗಟ್ಟಿಯಾಗಿ ಹೇಳಿದೆ. ಅಪ್ಪ ಒಳಗೆ ಬಂದು ಕೆನ್ನೆಗೆ ಒಂದು ಬಿಟ್ಟರು. "ನಮ್ಮನೆ ಹೆಣ್ಮಕ್ಳು ಬಣ್ಣ ಹಚ್ಚಲ್ಲ ಕಣೇ. ಇನ್ನೊಂದ್ಸಲ ಕೇಳಿದ್ರೆ ನಾಲಗೆ ಸೀಳ್ಬುಡ್ತೀನಿ" ಅಂದರು. ಹೆಣ್ಣುಪಾರ್ಟಿಗೆ ಹೊರಗಿನಿಂದ ಕಲಾವಿದೆಯರು ಬರುತ್ತಿದ್ದರು, ಮನೆಯ ಹೆಣ್ಣು ಮಾತ್ರ ಪರದೆಯ ಹಿಂದೆ. ಕೆನ್ನೆಯ ಉರಿ ಆವತ್ತೇ ಹೋಯಿತು. ಆದರೆ ನನಗೆ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ನಾನು ಹೇಳಿದ್ದು ಸರಿಯಿತ್ತೋ ತಪ್ಪಿತ್ತೋ, ಅದನ್ನೂ ಅವರು ಹೇಳಲಿಲ್ಲ.

ಇಂಥ ಮನುಷ್ಯನಿಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಗಂಟಲಲ್ಲಿ ಗಂಟು ಬಂತು. ದೊಡ್ಡಾಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲೊಂದು ತೂತು, ಅದರ ಮೂಲಕವೇ ಉಸಿರು, ಅದರ ಮೇಲೊಂದು ತೆಳು ಬಟ್ಟೆ. ಜೀವ ಉಳಿಯಿತು ಅಂತ ಡಾಕ್ಟರು ಖುಷಿಯಾಗಿ ಹೇಳಿದರು. ಮಾತು ಹೋಯಿತು ಅಂತ ಯಾರೂ ಗಟ್ಟಿಯಾಗಿ ಹೇಳಲಿಲ್ಲ.

ಅಮ್ಮ ಮೊದಲೇ ತೀರಿಕೊಂಡಿದ್ದರು. ಅಪ್ಪನನ್ನು ಮಧುಗಿರಿಗೆ ನನ್ನ ಮನೆಗೆ ಕರೆದುಕೊಂಡು ಬಂದೆ. ಕೆಳಗೆ ನನ್ನ ಹೊಲಿಗೆ ಅಂಗಡಿ, ಮೇಲೆ ಎರಡು ರೂಮಿನ ಮನೆ. ನನ್ನ ಗಂಡ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಾರೆ. ಮಗಳು ಪಿಯುಸಿ. ಬರೆದು ತೋರಿಸಲಿ ಅಂತ ಅವಳ ಹಳೇ ಸ್ಲೇಟು ಕೊಟ್ಟೆವು. ಅಪ್ಪ ಅದನ್ನು ಮುಟ್ಟಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಗಂಜಿ ಎರಡು ಗುಟುಕು, ಆಮೇಲೆ ಬೇಡ ಅಂತ ಕೈ. ತಿಂಗಳಲ್ಲಿ ಮೈಮೇಲಿನ ಅಂಗಿ ಗೂಟಕ್ಕೆ ನೇತುಹಾಕಿದ ಹಾಗಾಯಿತು. ಅಪ್ಪ ಬದುಕಲು ಒಪ್ಪುತ್ತಿಲ್ಲ ಅಂತ ನನಗೆ ಗೊತ್ತಾಯಿತು. ಏನು ಮಾಡುವುದೆಂದು ಗೊತ್ತಾಗಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಮೆಟ್ಟಿಲು ಹತ್ತುತ್ತಿದ್ದೇನೆ, ಮೇಲಿನಿಂದ ಮಗಳ ಕೂಗು: "ತಾತಾ, ಎಡಗಡೆ! ಎಡಗಡೆ ಬತ್ತಾವ್ನೆ ನೋಡು!"

ಬಿದ್ದರೇನೋ ಅಂತ ಓಡಿ ಹೋಗಿ ನೋಡಿದರೆ ಅಪ್ಪ ಮಂಚದ ಮೇಲೆ ನೆಟ್ಟಗೆ ಕೂತಿದ್ದಾರೆ! ತಿಂಗಳಿಂದ ಬೆನ್ನು ಎತ್ತದ ಮನುಷ್ಯ! ಕೈಯಲ್ಲಿ ಮೊಬೈಲು ಅಡ್ಡ ಹಿಡಿದು ಎರಡೂ ಹೆಬ್ಬೆರಳಲ್ಲಿ ಕುಟ್ಟುತ್ತಿದ್ದಾರೆ. ಹಣೆಯ ಮೇಲೆ ಹಳದಿ ಬೊಟ್ಟು. ನಾನು ಬಾಗಿಲಲ್ಲೇ ಬಾಯಿ ಬಿಟ್ಟುಕೊಂಡು ನಿಂತೆ.

"ತಾತಂಗೆ ಬೇಜಾರಾಗ್ತಿತ್ತು ಕಣಮ್ಮ, ಅದ್ಕೇ ಆಡ್ಸಿದೆ" ಅಂದಳು ಮಗಳು. "ಆನ್‌ಲೈನ್ ಗೇಮು. ಎಲ್ಲೆಲ್ಲಿಂದಾನೋ ಜನ ಒಟ್ಟಿಗೇ ಆಡ್ತಾರೆ. ಇಲ್ಲಿ ಮಾತಾಡೋಕೆ ಬರ್ದಿದ್ರೂ ನಡೀತದೆ, ಟೈಪ್ ಮಾಡಿದ್ರೆ ಸಾಕು."

ಇಣುಕಿ ನೋಡಿದೆ. ಅದೆಂಥ ಲೋಕವೋ! ಹಿಮ ಬೀಳುತ್ತಿದೆ, ಮೊನಚು ಕಿವಿಯ ಜನ, ಕೋಲಿನಿಂದ ಬೆಂಕಿ ಉಗುಳಿಸುವ ಮುದುಕಿಯರು, ಮೇಲೆ ಹಾರಾಡುವ ದೊಡ್ಡ ಪ್ರಾಣಿ. ಅಪ್ಪ ತಿಂಗಳಲ್ಲಿ ಮೊದಲ ಸಲ ಸ್ಲೇಟು ಎಳೆದುಕೊಂಡು ಬರೆದರು: "ರೆಕ್ಕೆ ಬಂದ ಉಡ." ಕೆಳಗೆ ಇನ್ನೊಂದು ಸಾಲು: "ಈ ಕೋಟೆಯಲ್ಲಿ ದೊಣೆಯೇ ಇಲ್ಲ. ಕಟ್ಟಿದವನಿಗೆ ಬುದ್ಧಿಯಿಲ್ಲ."

ಬೆಟ್ಟದ ಮೇಲೆ ಬಂಡೆಯಲ್ಲಿ ನೀರು ನಿಲ್ಲುವ ದೊಣೆ ಇಲ್ಲದಿದ್ದರೆ ಮುತ್ತಿಗೆ ಹಾಕಿದ ಮೂರನೇ ದಿನಕ್ಕೆ ಕೋಟೆ ಖಾಲಿ, ಇದು ನಮ್ಮೂರಿನ ಮಕ್ಕಳಿಗೂ ಗೊತ್ತು. ಯಾವುದೋ ದೇಶದ ಹಿಮದ ಕೋಟೆಗೆ ಅಪ್ಪ ನಮ್ಮ ಬೆಟ್ಟದ ಲೆಕ್ಕದಲ್ಲಿ ತಪ್ಪು ಹುಡುಕುತ್ತಿದ್ದಾರೆ! ನಗಬೇಕೋ ಬೈಯಬೇಕೋ ತಿಳಿಯದೆ ಗಂಜಿ ತಂದಿಟ್ಟೆ. ಆಟ ಮುಗಿಯುವವರೆಗೆ ಮುಟ್ಟಲಿಲ್ಲ, ಮುಗಿದ ಮೇಲೆ ಮುಖ ಒರೆಸಿಕೊಂಡು ಬಟ್ಟಲು ಖಾಲಿ ಮಾಡಿದರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅಲ್ಲಿಂದಾಚೆ ದಿನಕ್ಕೊಂದು ಆಶ್ಚರ್ಯ. ಹದಿನೈದು ದಿನದಲ್ಲಿ ಅಪ್ಪ ಒಂದು ದಂಡಿಗೆ ನಾಯಕರಾದರು. ದಂಡಿನಲ್ಲಿ ಎಲ್ಲ ಕನ್ನಡದವರೇ, ಮುಖ ಕಾಣದವರು. ಅಪ್ಪನನ್ನು ಅವರು "ದೊರೆ" ಅಂತಲೇ ಕರೆಯುತ್ತಿದ್ದರು, ಏಕೆಂದರೆ ಅಪ್ಪ ಬರೆಯುತ್ತಿದ್ದದ್ದೆಲ್ಲ ನಾಟಕದ ಮಾತು: "ಎಲೈ ವೀರರೇ, ಪಡುವಣ ಬಾಗಿಲನ್ನು ಬಲಪಡಿಸಿರಿ." ಉಳಿದವರೆಲ್ಲ "ಬೇಗ ಬಾ ಗುರು" ಅಂತ ಬರೆಯುವ ಕಡೆ ಇದು! ಅಷ್ಟೇ ಅಲ್ಲ, ಆಟ ಮುಗಿದ ಮೇಲೆ ಒಬ್ಬೊಬ್ಬರಿಗೂ ತಪ್ಪು ತಿದ್ದಿ ಬರೆಯುತ್ತಿದ್ದರು. "ನೀನು ಆತುರಪಟ್ಟೆ." "ನೀನು ಒಬ್ಬನನ್ನೇ ಬಿಟ್ಟು ಓಡಿದೆ, ನಾಳೆ ನಿಲ್ಲು." ಮುಖವೇ ಕಾಣದವರಿಗೆ! ನನಗೆ ಸಂತೋಷದ ಜೊತೆ ಸಣ್ಣಗೆ ಸಂಕಟವೂ ಆಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಆಮೇಲೊಂದು ದಿನ ಅಂಗಡಿಯ ಮುಂದೆ ಬೈಕು ನಿಂತಿತು. ಮೂವತ್ತೈದರ ಆಳು, ಗಡ್ಡ, ಅಂಗೈ ತುಂಬ ಸುಟ್ಟ ಕಲೆ.

"ಅಕ್ಕಾ, ದೊರೆ ಮನೆ ಇದೇನಾ?"

"ಯಾವ ದೊರೆನೂ ಇಲ್ಲ, ಇದು ಬ್ಲೌಸ್ ಅಂಗಡಿ" ಅಂದೆ.

"ಅರೆ, ನಮ್ ದೊರೆ ಅಕ್ಕಾ, ಗೇಮಿನ ದೊರೆ. ನಾನು ಸಿರಾದಾಗೆ ವೆಲ್ಡಿಂಗ್ ಶಾಪ್ ಇಟ್ಕೊಂಡಿದೀನಿ. ಮಧುಗಿರಿಯಾಗೆ ಕೆಳಗೆ ಬ್ಲೌಸ್ ಅಂಗಡಿ ಅಂತ ಗೇಮಿನ ಮೈಕಿನಾಗೆ ನಿಮ್ ಮಗಳೇ ಹೇಳಿದ್ದು."

ಮಗಳಿಗೆ ಆಮೇಲೆ ಸರಿಯಾಗಿ ಮಂಗಳಾರತಿ ಎತ್ತಿದೆ, ಅದು ಬೇರೆ ವಿಷಯ. ಬಂದವನನ್ನು ಮೇಲೆ ಕಳಿಸಿದೆ. ಅವನು ತನ್ನ ವಯಸ್ಸಿನ, ಹುರಿ ಮೀಸೆಯ ಗಂಡಾಳನ್ನು ಎದುರು ನೋಡಿದ್ದನೇನೋ. ಮಂಚದ ಮೇಲೆ ಹಂಚಿಕಡ್ಡಿಯಂಥ ಮುದುಕ, ಕತ್ತಿನಲ್ಲಿ ಬಟ್ಟೆ. "ಯಾ ಅಲ್ಲಾ" ಅಂದವನು ಅಲ್ಲೇ ಕುಸಿದು ಕೂತ. ಅಪ್ಪ ಸ್ಲೇಟಿನಲ್ಲಿ ಬರೆದು ತೋರಿಸಿದರು: "ನಿನ್ನೆ ಬಾಗಿಲು ಚೆನ್ನಾಗಿ ಕಾದೆ." ಅವನು ಬಿಕ್ಕಿಬಿಕ್ಕಿ ಅತ್ತ. ಹೊರಡುವಾಗ ಮೆಟ್ಟಿಲ ಮೇಲೆ ನನಗೆ ಹೇಳಿದ: "ಭಾನುವಾರ ನಾಕು ಗಂಟೆಗೆ ದೊಡ್ಡ ಮುತ್ತಿಗೆ ಐತೆ ಅಕ್ಕಾ. ನಮ್ ಕೋಟೆ ಮ್ಯಾಲೆ ಬತ್ತಾವ್ರೆ. ದೊರೆ ಇರ್ಲೇಬೇಕು."

ನಾನು ಹೂಂ ಅಂದೆ. ಮರೆತೆ.

ಆ ಭಾನುವಾರ ಅಪ್ಪನನ್ನು ನೋಡಲು ನಮ್ಮ ದೊಡ್ಡಪ್ಪ ಊರಿನಿಂದ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಬಂದರು. ಹಣ್ಣು, ಎಳನೀರು, ಸಮಾಧಾನದ ಮಾತು ಎಲ್ಲ ತಂದಿದ್ದರು. ಸರಿಯಾಗಿ ನಾಲ್ಕೂಕಾಲು. ಅಪ್ಪ ತಲೆ ಎತ್ತಲಿಲ್ಲ. ದೊಡ್ಡಪ್ಪ ಎರಡು ಸಲ ಕೆಮ್ಮಿದರು. ಅಪ್ಪ ತಲೆ ಎತ್ತಲಿಲ್ಲ. ಮೊಬೈಲಿನಿಂದ ಕತ್ತಿ ಸದ್ದು, ಯಾರದೋ ಕಿರುಚಾಟ. ದೊಡ್ಡಪ್ಪ ನನ್ನ ಮುಖ ನೋಡಿ, "ಏನಮ್ಮ, ಇವ್ನಿಗೆ ತಲೆಗೂ ಬಂತಾ?" ಅಂದರು.

ನನ್ನ ಮಾನ ಮೂರು ಕಾಸಿಗೆ ಹೋದ ಹಾಗಾಯಿತು. "ಅರವತ್ತಕ್ಕೆ ಅರಳುಮರಳು ಅಂತಾರೆ, ನಿಂಗೆ ಎಪ್ಪತ್ತು ದಾಟಿದ ಮ್ಯಾಲಾ? ಬಂದೋರ್ನ ಮಾತಾಡ್ಸು ಮೊದ್ಲು!" ಅಂತ ಚೀರಿ ಮೊಬೈಲು ಕಿತ್ತುಕೊಂಡು ಸ್ವಿಚ್ ಆಫ್ ಮಾಡಿ ಬೀರುವಿಗೆ ಹಾಕಿ ಬೀಗ ಹಾಕಿದೆ.

ಅಪ್ಪನ ಕೈ ಮೊಬೈಲು ಹಿಡಿದಿದ್ದ ಹಾಗೇ ಗಾಳಿಯಲ್ಲಿ ನಿಂತಿತ್ತು. ನನ್ನನ್ನು ನೋಡಿದರು. ಬೈಗುಳವಿರಲಿಲ್ಲ ಆ ನೋಟದಲ್ಲಿ, ಹೆದರಿಕೆ ಇತ್ತು. ಅಪ್ಪ ಹೆದರಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ನೆಂಟರು ಹೋದರು. ಸಂಜೆ ಗಂಜಿ ತಂದರೆ ಬೇಡ. ಸೋಮವಾರ ಬೆಳಿಗ್ಗೆ ಬೇಡ, ಮಧ್ಯಾಹ್ನ ಬೇಡ. ನೀರೊಂದೇ. ಮುಖ ತೊಳೆಸಲು ಹೋದರೆ ಕೈ ತಳ್ಳಿದರು. ಮೊಬೈಲು ವಾಪಸ್ಸು ಕೊಟ್ಟರೆ ಅದನ್ನೂ ತಳ್ಳಿದರು. ಮಂಗಳವಾರ ಕಣ್ಣು ಗುಳಿ ಬಿದ್ದಿತು. ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ಡಾಕ್ಟರಿಗೆ ಫೋನು ಮಾಡಿದೆ. ಗುರುವಾರದ ಒಳಗೆ ಉಣ್ಣದಿದ್ದರೆ ಕರೆತಂದು ನಳಿಕೆ ಹಾಕಿಸಿ ಅಂದರು. ಇದೊಂದು ಸಿಟ್ಟಿನಿಂದ ಅಪ್ಪನನ್ನು ಕೊಂದೆನಲ್ಲ.

ಆವತ್ತು ಸಂಜೆ ಒದ್ದೆ ಬಟ್ಟೆ ಹಿಡಿದು ಬಲವಂತವಾಗಿಯಾದರೂ ಮುಖ ಒರೆಸೋಣ ಅಂತ ಬಗ್ಗಿದೆ. ಅಪ್ಪ ಎರಡೂ ಅಂಗೈಯಿಂದ ಹಣೆ ಮುಚ್ಚಿಕೊಂಡರು. ಮಕ್ಕಳು ಮುಚ್ಚಿಕೊಳ್ಳುವ ಹಾಗೆ. ಬೆರಳ ಸಂದಿಯಲ್ಲಿ ಆ ಹಳದಿ ಬೊಟ್ಟು ಕಂಡಿತು. ಇಷ್ಟು ದಿನ ಅದನ್ನು ಅರಿಶಿನ ಅಂದುಕೊಂಡಿದ್ದೆ. ಮೂಸಿ ನೋಡಿದೆ. ಅಯ್ಯೋ ದೇವರೇ! ಅರಿಶಿನವಲ್ಲ, ಅರದಾಳ! ನಾಟಕದವರು ಮುಖಕ್ಕೆ ಹಚ್ಚುವ ಬಣ್ಣ! ತಲೆದಿಂಬು ಎತ್ತಿದರೆ ಅಡಿಯಲ್ಲಿ ಅಪ್ಪನ ಹಳೇ ಬಣ್ಣದ ಡಬ್ಬಿ.

ಅಪ್ಪ ಆಟ ಆಡುತ್ತಿರಲಿಲ್ಲ. ದಿನಾ ಬಣ್ಣ ಹಚ್ಚಿಕೊಂಡು ರಂಗಕ್ಕೆ ಹೋಗುತ್ತಿದ್ದರು, ಮುಗಿದ ಮೇಲೆ ಒರೆಸಿಕೊಂಡು ಉಣ್ಣುತ್ತಿದ್ದರು. ನಾನು ಬಣ್ಣದಲ್ಲಿದ್ದ ರಾಜನನ್ನು ರಂಗದ ಮಧ್ಯದಿಂದ ಕೈಹಿಡಿದು ಎಳೆದು ಬೀಗ ಹಾಕಿದ್ದೆ. ನಾಟಕದ ಮನೆಯಲ್ಲಿ ಹುಟ್ಟಿದ ಹೆಣ್ಣು, ನಾನು!

ಮಗಳ ಕಾಲು ಹಿಡಿಯುವುದೊಂದು ಬಾಕಿ. "ಆ ಯುದ್ಧ ಇನ್ನೊಂದ್ಸಲ ನಡೆಸ್ಬೋದೇನೇ?" ಅಂತ ಕೇಳಿದೆ.

"ಅದು ಮುಗ್ದೋಯ್ತಮ್ಮ. ತಾತ ಇಲ್ದೆ ಎಲ್ರೂ ದಿಕ್ಕಾಪಾಲಾದ್ರು, ಕೋಟೆ ಬಿತ್ತು. ಬೇಕಾದ್ರೆ ಎರಡೂ ಕಡೆಯೋರ್ನ ಒಪ್ಸಿ ಹೊಸದಾಗಿ ಇಡ್ಬೋದು."

ಸಿರಾದ ವೆಲ್ಡಿಂಗಿನವನಿಗೆ ಫೋನು ಮಾಡಿ ಎಲ್ಲ ಹೇಳಿದೆ. "ನಾಳೆ ಹನ್ನೊಂದು ಗಂಟೆಗೆ ಅಕ್ಕಾ. ಎಲ್ರೂ ಬತ್ತಾರೆ, ನಂದು ಜವಾಬ್ದಾರಿ" ಅಂದ. ಕೆಲಸದ ದಿನ, ಅಂಗಡಿ ಬಾಗಿಲು ಹಾಕಿ ಆಟಕ್ಕೆ ಕೂತನಂತೆ ಅವನು. ನನ್ನ ಮಗಳು ಕಾಲೇಜಿಗೆ ಚಕ್ಕರ್ ಹೊಡೆದಳು. ನಾನು ಬೈಯಲಿಲ್ಲ.

ಬುಧವಾರ ಹನ್ನೊಂದಕ್ಕೆ ಮೊಬೈಲು ಅಪ್ಪನ ಮುಂದೆ ಹಿಡಿದೆ. "ಅಪ್ಪಾ, ತಪ್ಪಾಯ್ತು. ಎಲ್ರೂ ಕಾಯ್ತಾವ್ರೆ. ಮುಗಿಸ್ಬುಡು."

ಅಪ್ಪ ಕೈ ನೀಡಲಿಲ್ಲ. ಸ್ಲೇಟು ತೋರಿಸಿದರು. ಕೊಟ್ಟೆ. ನಡುಗುವ ಅಕ್ಷರದಲ್ಲಿ ಬರೆದರು: "ನಿಲ್ಲಿಸಿದವರೇ ನಡೆಸಬೇಕು."

"ಅಂದ್ರೆ ನಾನಾ?" ಅಂದೆ.

ಅಪ್ಪ ದಿಂಬಿನಡಿಯಿಂದ ಡಬ್ಬಿ ತೆಗೆದರು. ಹೆಬ್ಬೆರಳಲ್ಲಿ ಬಣ್ಣ ಅದ್ದಿದರು. ನನ್ನನ್ನು ಹತ್ತಿರ ಕರೆದರು. ನಾನು ಬಗ್ಗಿದೆ. ನಮ್ಮ ಮನೆಯ ಹೆಣ್ಣು ಬಣ್ಣ ಹಚ್ಚುವುದಿಲ್ಲ ಅಂತ ಕೆನ್ನೆಗೆ ಹೊಡೆದ ಕೈ ನನ್ನ ಹಣೆಗೆ ಅರದಾಳ ಇಟ್ಟಿತು. ನಾನು ಹೇಗೆ ನಿಂತಿದ್ದೆನೋ ನನಗೇ ತಿಳಿಯದು.

ಆಮೇಲಿನದು ನೆನೆಸಿಕೊಂಡರೆ ಈಗಲೂ ನಾಚಿಕೆ. ಮಗಳು ಪಕ್ಕದಲ್ಲಿ ಕೂತು "ಇಲ್ಲೊತ್ತು, ಅಲ್ಲೊತ್ತು" ಅನ್ನುತ್ತಿದ್ದಳು. ನನ್ನ ರಾಜ ಶತ್ರುವಿಗೆ ಬೆನ್ನು ಕೊಟ್ಟು ಗೋಡೆಗೆ ಕತ್ತಿ ಬೀಸುತ್ತಿದ್ದ. ಒಮ್ಮೆ ಕಂದಕಕ್ಕೆ ತಾನೇ ಹಾರಿದ. ಮೈಕಿನಲ್ಲಿ ಪಾವಗಡದ ಕಡೆಯ ಹೆಂಗಸೊಬ್ಬಳ ದನಿ: "ಅಯ್ಯೋ, ದೊರೆಗೇನಾಯ್ತು ಈವತ್ತು?" ವೆಲ್ಡಿಂಗಿನವನು, "ಸುಮ್ನಿರಿ ಎಲ್ರೂ, ಇವತ್ತು ದೊರೆ ಮಗಳು ದೊರೆ" ಅಂದ. ಅವನೊಬ್ಬನೇ ಬಾಗಿಲಲ್ಲಿ ನಿಂತು ನನ್ನ ರಾಜನನ್ನು ಕಾದ. ಆದರೂ ಅರ್ಧ ಗಂಟೆಯಲ್ಲಿ ಗೋಡೆ ಬಿತ್ತು. ಉಡದಂಥ ಆ ಪ್ರಾಣಿ ಮೇಲಿಂದ ಬೆಂಕಿ ಕಾರಿತು. ನನ್ನ ರಾಜ ಮಂಡಿಯೂರಿದ. ಶತ್ರುಗಳು ಸುತ್ತ ನಿಂತರು.

ಅಪ್ಪ ನನ್ನ ಭುಜ ತಟ್ಟಿದರು. ಮಂಚದ ಅಂಚಿಗೆ ಬೆರಳಿನಿಂದ ತಾಳ ಹಾಕಿದರು. ಒಂದು, ಎರಡು, ಮೂರು. ಆ ತಾಳ ನನಗೆ ಗೊತ್ತಿತ್ತು. ಪಾಳೇಗಾರನ ಕೊನೆಯ ಮಾತಿನ ತಾಳ.

ಮಗಳು ಎರಡೂ ಕಡೆಯವರಿಗೆ ಕೇಳುವ ಹಾಗೆ ಮೈಕಿನ ಗುರುತು ಒತ್ತಿದಳು. ನಾನು ಎದ್ದು ನಿಂತೆ. ಕೂತು ಹೇಳುವ ಮಾತಲ್ಲ ಅದು.

"ಎಲವೋ, ಕೋಟೆ ಬಿದ್ದಿತೆಂದು ನಗುವಿರೇನು? ಬಿದ್ದದ್ದು ಕಲ್ಲು, ನಾನಲ್ಲ. ಬತ್ತಿದ್ದು ದೊಣೆಯ ನೀರು, ನನ್ನ ನಾಲಗೆಯಲ್ಲ. ಈ ನಾಲಗೆ ಆಡುವ ತನಕ ಈ ಬೆಟ್ಟ ನನ್ನದು. ನಾಲಗೆ ನಿಂತ ಮೇಲೆ, ಆಡುವವರು ಯಾರೋ ಅವರದು!"

ಕೆಳಗೆ ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುವುದನ್ನು ನಿಲ್ಲಿಸಿದ. ಶತ್ರುಗಳು ಯಾರೂ ಕತ್ತಿ ಬೀಸಲಿಲ್ಲ. ಆಮೇಲೆ ಪಾವಗಡದವಳು ಅಳುತ್ತಾ, ತನ್ನ ತೆಲುಗಿನಲ್ಲಿ "ಅಮ್ಮಾ ತಲ್ಲೀ" ಅಂದಳು. ನಾನು ಮಂಗಳದ ಹಾಡು ಶುರು ಮಾಡಿದೆ, ಮಗಳೂ ಗೊತ್ತಿದ್ದಷ್ಟು ಸೇರಿಸಿದಳು. ಹಾಡು ಮುಗಿದ ಮೇಲೆಯೇ ಶತ್ರುಗಳು ನನ್ನ ರಾಜನನ್ನು ಕೊಂದರು. ಒಳ್ಳೆಯ ಜನ.

ಮೊಬೈಲು ಕೆಳಗಿಟ್ಟು ಅಪ್ಪನ ಕಡೆ ತಿರುಗುವ ಧೈರ್ಯ ಬರಲಿಲ್ಲ. ನೇರ ಅಡುಗೆಮನೆಗೆ ಹೋಗಿ ಗಂಜಿ ಬಿಸಿ ಮಾಡಿ ಒದ್ದೆ ಬಟ್ಟೆಯ ಜೊತೆ ತಂದೆ. ಮಂಗಳ ಆಯಿತಲ್ಲ, ಇನ್ನಾದರೂ ಒರೆಸಲಿ, ಉಣ್ಣಲಿ. ಅಪ್ಪ ತಾವೇ ಬಟ್ಟೆ ತೆಗೆದುಕೊಂಡು ಹಣೆ ಒರೆಸಿಕೊಂಡರು. ಬಟ್ಟಲು ಎತ್ತಿ ಪೂರ್ತಿ ಕುಡಿದರು. ನನಗೆ ಹೋದ ಜೀವ ಬಂದ ಹಾಗಾಯಿತು. ನಾನೂ ಹಣೆ ಒರೆಸಿಕೊಳ್ಳೋಣ ಅಂತ ಬಟ್ಟೆಗೆ ಕೈ ಚಾಚಿದೆ.

ಅಪ್ಪ ಕೊಡಲಿಲ್ಲ. ಬಟ್ಟೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಸ್ಲೇಟು ಎಳೆದುಕೊಂಡರು. ಹುಬ್ಬು ಗಂಟು ಹಾಕಿ, ಒತ್ತಿ ಒತ್ತಿ ಬರೆದು ನನ್ನ ಮುಖಕ್ಕೆ ಹಿಡಿದರು.

"ಎರಡನೇ ಸಾಲಿನಲ್ಲಿ ಉಸಿರು ಬೇಗ ಬಿಟ್ಟೆ. ಮೊದಲಿನಿಂದ ಹೇಳು."